ಸಾಯದ ಸಿಗಡಿಯ ಸಾಕ್ಷಿ

ಮಂಗಳೂರಿನ ಧಕ್ಕೆಯಲ್ಲಾಗಲಿ, ಕಾರವಾರದ ಮೀನುಪೇಟೆಯಲ್ಲಾಗಲಿ ಸಿಗಡಿ ಕೊಳ್ಳುವವರು ಮೊದಲು ನೋಡುವುದು ಅದರ ತಲೆಯನ್ನು. ತಲೆಯ ಅಂಚಿನಲ್ಲಿ, ಕಾಲುಗಳ ಬುಡದಲ್ಲಿ ಕಪ್ಪು ಕಂಡರೆ ‘ಇದು ನಿನ್ನೆಯದು’ ಎಂದು ಮುಂದಿನ ಬುಟ್ಟಿಗೆ ಸಾಗುತ್ತಾರೆ. ತುಳುವಿನಲ್ಲಿ ಎಟ್ಟಿ ಅನ್ನಿ, ಕೊಂಕಣಿಯಲ್ಲಿ ಸುಂಗಟ ಅನ್ನಿ, ಐಸಿನ ಮೇಲೆ ಮಲಗಿಸಿದರೂ ಈ ಕಪ್ಪು ಮೆಲ್ಲಗೆ ಏರುತ್ತಲೇ ಹೋಗುತ್ತದೆ. ನಾವು ಅದನ್ನು ಕೊಳೆತದ್ದರ ಗುರುತು ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ಸಿಗಡಿಯ ಕಾವಲುಪಡೆಯ ಕೊನೆಯ ಕೆಲಸ. ಫೀನಾಲ್‌ಆಕ್ಸಿಡೇಸ್ ಎಂಬ ಕಿಣ್ವ ಅಲ್ಲಿ ಮೆಲನಿನ್ ಎಂಬ ಕಪ್ಪು ವಸ್ತುವನ್ನು ತಯಾರಿಸುತ್ತಿರುತ್ತದೆ. ಸಿಗಡಿ ಬದುಕಿರುವಾಗ ಚಿಪ್ಪಿಗೆ ಗಾಯವಾದರೆ, ಒಳಗೆ ಪರೋಪಜೀವಿ ಹೊಕ್ಕರೆ, ಇದೇ ಕಪ್ಪು ವಸ್ತು ಆ ಜಾಗದ ಸುತ್ತ ಗೋಡೆ ಕಟ್ಟುತ್ತದೆ. ಸತ್ತ ಮೇಲೆ ಕಿಣ್ವಕ್ಕೆ ಕಡಿವಾಣ ಹಾಕುವವರಿಲ್ಲ, ಅಷ್ಟೆ.

ಈ ಕಿಣ್ವದ ನಡುವೆ ಇರುವುದು ತಾಮ್ರ. ಸಿಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದೂ ತಾಮ್ರವೇ. ನಮ್ಮ ರಕ್ತಕ್ಕೆ ಕಬ್ಬಿಣ ಹೇಗೋ ಅದಕ್ಕೆ ತಾಮ್ರ ಹಾಗೆ. ಆದರೆ ಅದೇ ತಾಮ್ರ ನೀರಿನಲ್ಲಿ ಮಿತಿಮೀರಿದರೆ ಸಿಗಡಿಗೆ ವಿಷ. ಸೀಸ, ಕ್ಯಾಡ್ಮಿಯಂ, ಪಾದರಸಗಳಂತೂ ಯಾವ ಮಿತಿಯಲ್ಲೂ ಅದರ ಉಪಯೋಗಕ್ಕೆ ಬರುವಂಥವಲ್ಲ. ಈ ಲೋಹಗಳು ಸಿಗಡಿಯನ್ನು ಕೊಲ್ಲುತ್ತವೆ ಎಂಬುದು ಹಳೆಯ ತಿಳಿವಳಿಕೆ. ಕೊಲ್ಲುವುದಕ್ಕೂ ಬಹಳ ಮೊದಲೇ ಅವು ಅದರ ರೋಗನಿರೋಧಕ ವಂಶವಾಹಿಗಳನ್ನು ಏರುಪೇರು ಮಾಡುತ್ತವೆ ಎಂಬುದು ಹೊಸದು. ಈ ಎರಡು ತಿಳಿವಳಿಕೆಗಳ ನಡುವೆ ನೂರಿಪ್ಪತ್ತು ವರ್ಷಗಳಿವೆ. ಆ ದಾರಿಯಲ್ಲಿ ಒಂದು ಗುಲಾಬಿ ಮುಳ್ಳು, ಒಂದು ಕುದುರೆಯ ಮೂತ್ರಪಿಂಡ, ಕುಣಿದು ಸತ್ತ ಬೆಕ್ಕುಗಳು ಹಾಗೂ ಬರಿದಾದ ಸ್ವೀಡನ್ನಿನ ಹೊಳೆಗಳಿವೆ.

ಕಥೆ 1882ರ ಚಳಿಗಾಲದಲ್ಲಿ, ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ಶುರುವಾಗುತ್ತದೆ. ಒಡೆಸ್ಸಾ ವಿಶ್ವವಿದ್ಯಾಲಯದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದ ರಷ್ಯಾದ ಜೀವಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್ ಅಲ್ಲಿ ಕಡಲತಡಿಯ ಮನೆಯೊಂದರಲ್ಲಿದ್ದರು. ಮನೆಯವರೆಲ್ಲ ಸರ್ಕಸ್ಸಿನಲ್ಲಿ ಮಂಗಗಳ ಆಟ ನೋಡಲು ಹೋದ ದಿನ ಅವರೊಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕುಳಿತು ನಕ್ಷತ್ರಮೀನಿನ ಪಾರದರ್ಶಕ ಮರಿಗಳನ್ನು ನೋಡುತ್ತಿದ್ದರು. ಅದರ ಮೈಯೊಳಗೆ ಅಲೆದಾಡುವ ಕಣಗಳು ಬಹುಶಃ ಶತ್ರುವಿನಿಂದ ಕಾಯುವ ಕಾವಲುಗಾರರಿರಬಹುದು ಎಂಬ ಯೋಚನೆ ಹೊಳೆಯಿತು. ತೋಟದಿಂದ ಗುಲಾಬಿಯ ಮುಳ್ಳು ಕಿತ್ತು ತಂದು ಆ ಮರಿಗಳಿಗೆ ಚುಚ್ಚಿದರು. ಮರುದಿನ ಬೆಳಗ್ಗೆ ನೋಡಿದರೆ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು.

ಮೆಚ್ನಿಕಾಫ್ ಅಲ್ಲಿಗೆ ನಿಲ್ಲಲಿಲ್ಲ. 1884ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಡಾಫ್ನಿಯಾ ಎಂಬ ನೀರುಚಿಗಟದ ಕುರಿತಾದದ್ದು. ಹೆಸರು ಚಿಗಟವಾದರೂ ಅದು ಸಿಗಡಿ, ಏಡಿಗಳ ಬಳಗದ ಕಠಿಣಚರ್ಮಿ. ಸೂಜಿಯಂಥ ಬೀಜಕಗಳಿರುವ ಒಂದು ಯೀಸ್ಟು ಅದರ ಕರುಳನ್ನು ತೂರಿ ಮೈಯೊಳಗೆ ಬರುತ್ತಿತ್ತು. ರಕ್ತಕಣಗಳು ಅದನ್ನು ನುಂಗಿದರೆ ನೀರುಚಿಗಟ ಬದುಕುತ್ತಿತ್ತು. ಯೀಸ್ಟು ಗೆದ್ದರೆ ಸಾಯುತ್ತಿತ್ತು. ರೋಗವೆಂದರೆ ಎರಡು ಜೀವಿಗಳ ನಡುವಿನ ಜಗಳ, ಗೆಲುವು ಯಾರದೆಂಬುದು ಮೊದಲೇ ನಿಶ್ಚಯವಾಗಿಲ್ಲ ಎಂಬ ವಿಚಾರವನ್ನು ಅವರು ಕಂಡದ್ದು ಈ ಪುಟ್ಟ ಜೀವಿಯೊಳಗೆ. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ಮುಂದಿನ ಅರ್ಧ ಶತಮಾನ ವೈದ್ಯವಿಜ್ಞಾನದ ಕಣ್ಣು ನೆಟ್ಟದ್ದು ಮನುಷ್ಯರಲ್ಲೂ ಇತರ ಕಶೇರುಕಗಳಲ್ಲೂ ಇರುವ ಪ್ರತಿಕಾಯಗಳ ಮೇಲೆ. ಸಿಗಡಿಯ ಬಳಗಕ್ಕೆ ಪ್ರತಿಕಾಯಗಳಿಲ್ಲ. ಹಾಗಾಗಿ ಅವುಗಳ ರೋಗನಿರೋಧಕ ಶಕ್ತಿಯ ಮಾತು ಹಿಂದೆ ಸರಿಯಿತು.

ಮೆಚ್ನಿಕಾಫ್‌ಗಿಂತ ನಾಲ್ಕು ವರ್ಷ ಮೊದಲು, 1878ರಲ್ಲಿ, ಬೆಲ್ಜಿಯಂನ ಲಿಯೋನ್ ಫ್ರೆಡರಿಕ್ ಆಕ್ಟೋಪಸ್ಸಿನ ರಕ್ತದಲ್ಲಿದ್ದ ತಾಮ್ರದ ಪ್ರೋಟೀನಿಗೆ ಹೀಮೋಸಯನಿನ್ ಎಂದು ಹೆಸರಿಟ್ಟಿದ್ದರು. ಆಮ್ಲಜನಕ ಸೇರಿದಾಗ ನೀಲಿ, ಬಿಟ್ಟಾಗ ಬಣ್ಣವಿಲ್ಲದ್ದು. ಸಿಗಡಿಯ ರಕ್ತದಲ್ಲಿರುವುದೂ ಇದೇ ಹೆಸರಿನ ಪ್ರೋಟೀನು.

ಆ ಕಾಲದಲ್ಲೇ ತಾಮ್ರಕ್ಕೆ ಇನ್ನೊಂದು ಕೆಲಸವೂ ಸಿಕ್ಕಿತು. 1885ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿತೋಟಗಳ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಳಕೆಗೆ ಬಂತು. ಮೈಸೂರು ಸಂಸ್ಥಾನದಲ್ಲಿ ಕೃಷಿವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿಯವರೆಗೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ಮಲೆನಾಡು, ಕರಾವಳಿಗಳ ಬೆಳೆಗಾರರು ಕ್ರಮೇಣ ಬೋರ್ಡೋ ಸಿಂಪಡಣೆಗೆ ಬಂದರು. ಮಳೆಗಾಲದಲ್ಲಿ ಎಲೆಗಳ ಮೇಲೆ ಕಾಣುವ ಆ ತಿಳಿನೀಲಿ ಕಲೆಗಳು ನಮಗೆ ಪರಿಚಿತವೇ. ಕೊಳೆರೋಗದ ಜೀವಿಯನ್ನು ಕೊಲ್ಲುವ ತಾಮ್ರ ನೀರಿನಲ್ಲಿರುವ ಜೀವಿಗಳಿಗೂ ವಿಷವೇ. ಕೆರೆಯ ಪಾಚಿ ತೆಗೆಯಲು, ಮೀನಿನ ಹೊಂಡದ ಪರೋಪಜೀವಿಗಳನ್ನು ನಿವಾರಿಸಲು ಮೈಲುತುತ್ತ ಬಳಸುವುದು ಆ ಕಾರಣಕ್ಕೇ. ಎಷ್ಟು ಹಾಕಿದರೆ ಮದ್ದು, ಎಷ್ಟಕ್ಕೆ ವಿಷ ಎಂಬ ಪ್ರಶ್ನೆ ತಾಮ್ರದ ಬೆನ್ನಿಗೆ ಮೊದಲಿನಿಂದಲೂ ಅಂಟಿಕೊಂಡಿದೆ.

ಈ ‘ಎಷ್ಟು’ ಎಂಬುದನ್ನು ಅಳೆಯಲು ಇಪ್ಪತ್ತನೆಯ ಶತಮಾನ ಕಂಡುಕೊಂಡ ಅಳತೆಗೋಲು ಸಾವು. ಇಂಗ್ಲೆಂಡಿನ ಜೆ.ಡಬ್ಲ್ಯು. ಟ್ರೆವನ್ 1927ರಲ್ಲಿ, ಪ್ರಯೋಗಕ್ಕೊಳಪಡಿಸಿದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವನ್ನು ಲೆಕ್ಕಹಾಕುವ ಕ್ರಮವನ್ನು ಮುಂದಿಟ್ಟರು. ಔಷಧಿಗಳ ಬಲವನ್ನು ಒಂದೇ ರೀತಿಯಲ್ಲಿ ಅಳೆಯುವುದು ಅವರ ಉದ್ದೇಶವಾಗಿತ್ತು. ಅದೇ ಕ್ರಮ ಮುಂದೆ ನೀರಿನ ಮಾಲಿನ್ಯಕ್ಕೂ ಬಂತು. ತೊಟ್ಟಿಗಳಲ್ಲಿ ಸಿಗಡಿ, ಮೀನುಗಳನ್ನು ಬಿಟ್ಟು ಬೇರೆ ಬೇರೆ ಪ್ರಮಾಣದಲ್ಲಿ ಲೋಹ ಬೆರೆಸಿ, ಸಾಮಾನ್ಯವಾಗಿ 96 ಗಂಟೆಗಳಲ್ಲಿ ಅರ್ಧ ಸಾಯುವ ಪ್ರಮಾಣವನ್ನು ಗುರುತಿಸುವುದು, ಅದರ ಒಂದು ಸಣ್ಣ ಪಾಲನ್ನು ‘ಸುರಕ್ಷಿತ’ ಎನ್ನುವುದು ರೂಢಿಯಾಯಿತು. ಸರಳವಾದ, ನ್ಯಾಯಾಲಯಕ್ಕೂ ಕಚೇರಿಗೂ ಅರ್ಥವಾಗುವ ಲೆಕ್ಕ ಇದು. ಐದನೆಯ ದಿನ ಬದುಕುಳಿದ ಪ್ರಾಣಿಯ ಗತಿ ಏನೆಂದು ಮಾತ್ರ ಇದು ಕೇಳುವುದಿಲ್ಲ.

ಕೇಳದೇ ಇದ್ದುದರ ಬೆಲೆ ಏನೆಂಬುದನ್ನು ಜಪಾನಿನ ಮಿನಮಾಟಾ ತೋರಿಸಿತು. ಅಲ್ಲಿನ ಚಿಸ್ಸೊ ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ತಯಾರಿಕೆಯಲ್ಲಿ ಪಾದರಸ ಬಳಸಿ, ತ್ಯಾಜ್ಯವನ್ನು ಸಮುದ್ರಕ್ಕೆ ಬಿಡುತ್ತಿತ್ತು. ಐವತ್ತರ ದಶಕದಲ್ಲಿ ಕೊಲ್ಲಿಯಲ್ಲಿ ಮೀನುಗಳು ತೇಲಿದವು, ಕಾಗೆಗಳು ಹಾರುತ್ತಿದ್ದಂತೆ ಬಿದ್ದವು, ಮೀನು ತಿಂದ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. 1956ರ ಮೇ 1ರಂದು ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥ ಹಾಜಿಮೆ ಹೊಸೊಕಾವಾ, ಜನರಲ್ಲಿ ಕಾಣಿಸಿಕೊಂಡ ನರಗಳ ವಿಚಿತ್ರ ಕಾಯಿಲೆಯನ್ನು ಅಧಿಕಾರಿಗಳಿಗೆ ವರದಿ ಮಾಡಿದರು. 1959ರಲ್ಲಿ ಅವರು ಕಾರ್ಖಾನೆಯ ತ್ಯಾಜ್ಯ ನೀರನ್ನು 400ನೇ ಸಂಖ್ಯೆಯ ಬೆಕ್ಕಿನ ಆಹಾರಕ್ಕೆ ಬೆರೆಸಿ ನೋಡಿದಾಗ ಅದಕ್ಕೂ ಅದೇ ಕಾಯಿಲೆ ಬಂತು. ಫಲಿತಾಂಶ ಹೊರಬರಲಿಲ್ಲ. ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1968ರಲ್ಲಿ. ಹೊಸೊಕಾವಾ 1970ರಲ್ಲಿ ತಮ್ಮ ಕೊನೆಯ ಕಾಯಿಲೆಯ ಹಾಸಿಗೆಯಿಂದಲೇ ಆ ಬೆಕ್ಕಿನ ಬಗ್ಗೆ ಸಾಕ್ಷ್ಯ ನುಡಿದರು.

ಮಿನಮಾಟಾದಲ್ಲಿ ಜನರಿಗೆ ವಿಷವಾದದ್ದು ಸತ್ತು ತೇಲಿದ ಮೀನಲ್ಲ. ಸತ್ತ ಮೀನನ್ನು ಯಾರೂ ಅಡುಗೆಗೆ ತರುವುದಿಲ್ಲ. ಬಲೆಗೆ ಬಿದ್ದಾಗ ಚೆನ್ನಾಗಿಯೇ ಇದ್ದ ಮೀನು, ಚಿಪ್ಪುಮೀನುಗಳೇ ಮೆಥೈಲ್ ಪಾದರಸವನ್ನು ಹೊತ್ತು ಮನೆಗೆ ಬಂದವು. ಪ್ರಾಣಿ ಬದುಕಿದೆ ಎಂಬುದು ನೀರು ನಿರ್ಮಲ ಎಂಬುದಕ್ಕೆ ಸಾಕ್ಷಿಯಲ್ಲ. ಹಾಗಾದರೆ ಬದುಕಿರುವ ಪ್ರಾಣಿಯ ಒಳಗೆ ಏನನ್ನು ನೋಡಬೇಕು?

ಉತ್ತರದ ಮೊದಲ ಎಳೆ ಸಿಕ್ಕಿದ್ದು ಅದೇ ಕಾಲದಲ್ಲಿ, ಮಾಲಿನ್ಯಕ್ಕೆ ಸಂಬಂಧವೇ ಇಲ್ಲದ ಕಡೆಯಲ್ಲಿ. 1957ರಲ್ಲಿ ಅಮೆರಿಕದ ಮಾರ್ವಿನ್ ಮಾರ್ಗೋಶಸ್ ಮತ್ತು ಬರ್ಟ್ ವ್ಯಾಲಿ ಕುದುರೆಯ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಹಿಡಿದಿಟ್ಟುಕೊಂಡ ಒಂದು ಪ್ರೋಟೀನನ್ನು ಕಂಡರು. ಅದಕ್ಕೆ ಮೆಟಲೋಥಯೊನಿನ್ ಎಂಬ ಹೆಸರು ಬಂತು. ಅದರ ಕಟ್ಟಡದ ಮೂರನೆಯ ಒಂದು ಭಾಗ ಗಂಧಕವಿರುವ ಸಿಸ್ಟೀನ್. ಗಂಧಕಕ್ಕೂ ಭಾರಲೋಹಗಳಿಗೂ ಬಿಡಿಸಲಾರದ ನಂಟು. 1982ರಲ್ಲಿ ಕೆಸರು ಏಡಿಯಲ್ಲಿರುವ ಇದೇ ಬಗೆಯ ಪ್ರೋಟೀನಿನ ಪೂರ್ಣ ರಚನೆ ಪ್ರಕಟವಾಯಿತು. ನಮ್ಮ ಅಳಿವೆಗಳ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಸಿಗುವುದೂ ಅದೇ ಏಡಿ. ಲೋಹ ಒಳಗೆ ಬಂದೊಡನೆ ಜೀವಕೋಶ ಈ ಪ್ರೋಟೀನಿನ ವಂಶವಾಹಿಯನ್ನು ಚುರುಕುಗೊಳಿಸಿ, ಲೋಹವನ್ನು ಕಟ್ಟಿಹಾಕಲು ನೋಡುತ್ತದೆ.

ಎರಡನೆಯ ಎಳೆ 1962ರದ್ದು. ಇಟಲಿಯ ಫೆರುಚ್ಚೊ ರಿಟೊಸ್ಸಾ ಹಣ್ಣುನೊಣಗಳನ್ನಿಟ್ಟ ಪೆಟ್ಟಿಗೆಯ ಕಾವನ್ನು ಯಾರೋ ಅಕಸ್ಮಾತ್ ಏರಿಸಿದ್ದರು. ಆ ನೊಣಗಳ ವರ್ಣತಂತುಗಳಲ್ಲಿ ಎಂದೂ ಕಾಣದ ಉಬ್ಬುಗಳು ಎದ್ದಿದ್ದವು. ಕಾವಿನಿಂದ ಎಚ್ಚೆತ್ತ ವಂಶವಾಹಿಗಳವು. ಅವು ತಯಾರಿಸುವ ಪ್ರೋಟೀನುಗಳು ಮುದುಡಿದ ಇತರ ಪ್ರೋಟೀನುಗಳನ್ನು ಮತ್ತೆ ನೆಟ್ಟಗೆ ಮಾಡುತ್ತವೆ. ಬಿಸಿಗೆ ಮಾತ್ರವಲ್ಲ, ಕ್ಯಾಡ್ಮಿಯಂನಂಥ ಲೋಹಕ್ಕೂ ಇವು ಏಳುತ್ತವೆ ಎಂಬುದು ಮುಂದೆ ತಿಳಿಯಿತು.

ಇನ್ನು ರೋಗನಿರೋಧಕ ವಂಶವಾಹಿಗಳ ಮಾತು. ಅದಕ್ಕಾಗಿ ಸ್ವೀಡನ್ನಿಗೆ ಹೋಗಬೇಕು. ಅಲ್ಲಿನ ಹೊಳೆ, ಸರೋವರಗಳ ಕ್ರೇಫಿಶ್ ಎಂಬ ಸಿಹಿನೀರಿನ ಕಠಿಣಚರ್ಮಿ ಜನಕ್ಕೆ ಅಚ್ಚುಮೆಚ್ಚಿನ ಊಟ. 1907ರಲ್ಲಿ ಅಲ್ಲಿಗೆ ಕಾಲಿಟ್ಟ ಕ್ರೇಫಿಶ್ ಪಿಡುಗು ಒಂದೊಂದೇ ನೀರನ್ನು ಬರಿದು ಮಾಡುತ್ತ ಹೋಯಿತು. ಅದರ ಕಾರಣಜೀವಿ ನಮ್ಮ ಅಡಿಕೆಯ ಕೊಳೆರೋಗದ ಜೀವಿಯ ವಂಶದ್ದೇ, ಶಿಲೀಂಧ್ರದಂತೆ ಕಾಣುವ ಓಮೈಸೀಟ್ ಎಂಬ ಗುಂಪಿನದು. 1960ರ ದಶಕದಲ್ಲಿ ಸ್ವೀಡನ್ ಅಮೆರಿಕದಿಂದ ಪಿಡುಗಿಗೆ ಜಗ್ಗದ ಸಿಗ್ನಲ್ ಕ್ರೇಫಿಶ್ ತಂದು ಬಿಟ್ಟಿತು. ಅದು ಬದುಕಿತು, ಆದರೆ ರೋಗವನ್ನು ಮೈಯಲ್ಲಿಟ್ಟುಕೊಂಡೇ ಬದುಕುತ್ತಿದ್ದುದರಿಂದ ಉಳಿದ ಸ್ಥಳೀಯ ಕ್ರೇಫಿಶ್‌ಗಳಿಗೂ ಹಂಚಿತು. ಅಮೆರಿಕದ್ದು ಬದುಕುವುದೇಕೆ, ಸ್ಥಳೀಯವು ಸಾಯುವುದೇಕೆ? ಉಪ್ಸಾಲಾ ವಿಶ್ವವಿದ್ಯಾಲಯದ ಕೆನೆತ್ ಸೋಡರ್‌ಹಾಲ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದ ಪ್ರಶ್ನೆ ಇದೇ. ಸಿಗ್ನಲ್ ಕ್ರೇಫಿಶ್ ಚಿಪ್ಪಿನೊಳಗೆ ಇಳಿದ ರೋಗದ ಎಳೆಗಳ ಸುತ್ತ ಮೆಲನಿನ್ನಿನ ಕಪ್ಪು ಗೋಡೆ ಕಟ್ಟುತ್ತಿತ್ತು. ಆ ಗೋಡೆಯ ಮೇಸ್ತ್ರಿ ಫೀನಾಲ್‌ಆಕ್ಸಿಡೇಸ್. 1995ರಲ್ಲಿ ಅವರ ತಂಡ ಈ ಕಿಣ್ವದ ಪೂರ್ವರೂಪದ ವಂಶವಾಹಿಯನ್ನು ಓದಿತು. ಮೀನುಪೇಟೆಯ ಕಪ್ಪು ಹೀಗೆ ಪ್ರಯೋಗಾಲಯಕ್ಕೆ ಬಂತು.

ಅಲ್ಲಿಂದ ಮುಂದೆ ಎಲ್ಲವೂ ಬೇಗ ಬೇಗ ಆದವು. 1996ರಲ್ಲಿ ಫ್ರಾನ್ಸಿನ ಜೂಲ್ ಹಾಫ್‌ಮನ್ ತಂಡ ಹಣ್ಣುನೊಣದ ಟೋಲ್ ಎಂಬ ವಂಶವಾಹಿ ಶಿಲೀಂಧ್ರದಿಂದ ರಕ್ಷಣೆಗೆ ಬೇಕು ಎಂದು ತೋರಿಸಿತು. 1997ರಲ್ಲಿ ಫ್ರೆಂಚ್ ಸಂಶೋಧಕರು ಸಿಗಡಿಯ ರಕ್ತಕಣಗಳಿಂದ ಪಿನೈಡಿನ್ ಎಂಬ ಸೂಕ್ಷ್ಮಾಣುನಾಶಕ ಪೆಪ್ಟೈಡುಗಳನ್ನು ಬೇರ್ಪಡಿಸಿದರು. 2001ರಲ್ಲಿ ಇನ್ನೊಂದು ಅಚ್ಚರಿ ಹೊರಬಿತ್ತು. ಸೋಂಕು ತಗುಲಿದಾಗ ಸಿಗಡಿ ತನ್ನ ಹೀಮೋಸಯನಿನ್ನಿನ ಬಾಲವನ್ನೇ ತುಂಡರಿಸಿ ಶಿಲೀಂಧ್ರನಾಶಕವಾಗಿ ಬಳಸುತ್ತದೆ. ಉಸಿರು ಹೊರುವ ಪ್ರೋಟೀನೇ ಆಯುಧವೂ ಆಗುತ್ತದೆ.

ಈ ಅವಸರಕ್ಕೆ ಕಾರಣವಿತ್ತು. 1992ರ ಸುಮಾರಿಗೆ ತೈವಾನ್, ಚೀನಾಗಳ ಸಿಗಡಿ ಹೊಂಡಗಳಲ್ಲಿ ಬಿಳಿಚುಕ್ಕೆ ರೋಗದ ವೈರಸ್ಸು ಕಾಣಿಸಿಕೊಂಡು, 1994ಕ್ಕೆ ಭಾರತಕ್ಕೂ ಬಂದಿತ್ತು. ರೋಗ ಕಂಡ ಮೂರರಿಂದ ಹತ್ತು ದಿನಗಳಲ್ಲಿ ಹೊಂಡಕ್ಕೆ ಹೊಂಡವೇ ಖಾಲಿ. ಪ್ರತಿಕಾಯಗಳಿಲ್ಲದ ಪ್ರಾಣಿಗೆ ನಮ್ಮ ಮಕ್ಕಳಿಗೆ ಹಾಕಿದಂತೆ ಲಸಿಕೆ ಹಾಕಿ ಕೂರುವಂತಿಲ್ಲ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು ಪಶ್ಚಿಮ ಕರಾವಳಿಯ ಸಿಗಡಿಗಳಲ್ಲಿ ಈ ರೋಗವನ್ನು ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದರು. ಸಾಲ ಮಾಡಿ ಹೊಂಡ ತೋಡಿದ ರೈತನಿಗೆ ಸಿಗಡಿಯ ರೋಗನಿರೋಧಕ ಶಕ್ತಿ ಈಗ ಪುಸ್ತಕದ ವಿಷಯವಾಗಿ ಉಳಿದಿರಲಿಲ್ಲ.

ಎರಡು ಚರಿತ್ರೆಗಳು, ಲೋಹದ್ದು ಮತ್ತು ರೋಗದ್ದು, ಒಂದನ್ನೊಂದು ಸಂಧಿಸಿದ್ದು ಇಲ್ಲಿಯೇ. 2001ರಲ್ಲಿ ಇಟಲಿಯ ಸಂಶೋಧಕರು ಭಾರಲೋಹಗಳು ಒಂದು ಜಾತಿಯ ಸಿಗಡಿಯ ರಕ್ತದಲ್ಲಿ ಓಡಾಡುವ ಕಣಗಳ ಸಂಖ್ಯೆಯನ್ನೇ ಬದಲಿಸುವುದನ್ನು ತೋರಿಸಿದರು. 2004ರಲ್ಲಿ ತೈವಾನಿನಲ್ಲಿ ವನ್ನಾಮಿ ಸಿಗಡಿಗಳನ್ನು ಮೈಲುತುತ್ತದ ನೀರಿನಲ್ಲಿಟ್ಟು, ವಿಬ್ರಿಯೊ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿಸಿ ನೋಡಿದರು. ಲೀಟರಿಗೆ ಒಂದು ಮಿಲಿಗ್ರಾಂ ತಾಮ್ರವಿದ್ದಲ್ಲೂ ಸೋಂಕಿಗೆ ಸಾಯುವ ಸಿಗಡಿಗಳು ಹೆಚ್ಚಿದವು. ಫೀನಾಲ್‌ಆಕ್ಸಿಡೇಸಿನ ಚಟುವಟಿಕೆ ಕುಗ್ಗಿತು, ಬ್ಯಾಕ್ಟೀರಿಯಾ ನುಂಗುವ ಶಕ್ತಿ ಇಳಿಯಿತು. ತಾಮ್ರದಿಂದಲೇ ಆದ ಆಯುಧ ತಾಮ್ರದಿಂದಲೇ ಮೊಂಡಾಯಿತು.

ಆಮೇಲಿನ ಅಧ್ಯಯನಗಳು ವಂಶವಾಹಿಗಳಿಗೆ ಇಳಿದವು. ತಾಮ್ರ, ಕ್ಯಾಡ್ಮಿಯಂ, ಸತು, ಪಾದರಸಗಳನ್ನು ಕುರಿತ ಹಲವು ಪ್ರಯೋಗಗಳಲ್ಲಿ ಕಾಣುವ ಚಿತ್ರ ಸ್ಥೂಲವಾಗಿ ಹೀಗಿದೆ. ಲೋಹ ಕಿವಿರಿನ ಮೂಲಕ ಒಳಬಂದು ಹೆಚ್ಚಾಗಿ ಸೇರಿಕೊಳ್ಳುವುದು ತಲೆಯ ಭಾಗದಲ್ಲಿರುವ ಯಕೃತ್ತಿನಂಥ ಗ್ರಂಥಿಯಲ್ಲಿ. ಕ್ಯಾಡ್ಮಿಯಂ ಸುಣ್ಣದ ಅಂಶದ ವೇಷ ಹಾಕಿಕೊಂಡು ಅದರದೇ ಬಾಗಿಲಿನಿಂದ ನುಗ್ಗುತ್ತದೆ. ಪೊರೆ ಕಳಚಿ ಹೊಸ ಚಿಪ್ಪಿಗೆ ಸುಣ್ಣ ಹೀರುವ ಹೊತ್ತು ಸಿಗಡಿಗೆ ಅಪಾಯದ ಹೊತ್ತು. ಮೊದಲು ಮೆಟಲೋಥಯೊನಿನ್, ಕಾವಿನ ಪ್ರೋಟೀನು, ಆಮ್ಲಜನಕದ ಉಗ್ರರೂಪಗಳನ್ನು ತಣಿಸುವ ಕಿಣ್ವಗಳ ವಂಶವಾಹಿಗಳು ಚುರುಕಾಗುತ್ತವೆ. ರೋಗನಿರೋಧಕ ವಂಶವಾಹಿಗಳಲ್ಲೂ ಕೆಲವು ಆರಂಭದಲ್ಲಿ ಏರುತ್ತವೆ. ಪ್ರಮಾಣ ಹೆಚ್ಚಿದಂತೆ, ದಿನ ಕಳೆದಂತೆ ಫೀನಾಲ್‌ಆಕ್ಸಿಡೇಸ್, ಲೈಸೊಜೈಮ್, ಸೂಕ್ಷ್ಮಾಣುನಾಶಕ ಪೆಪ್ಟೈಡುಗಳ ವಂಶವಾಹಿಗಳು ಇಳಿಮುಖವಾಗುತ್ತವೆ. ರಕ್ತಕಣಗಳೇ ಸಾಯುತ್ತಿರುತ್ತವೆ. ಉಳಿದ ಶಕ್ತಿಯೆಲ್ಲ ಲೋಹವನ್ನು ಕಟ್ಟಿಹಾಕುವುದರಲ್ಲಿ ಖರ್ಚಾಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಎಲ್ಲರೂ ನೀರು ಹೊರಲು ಓಡಿದರೆ ಬಾಗಿಲು ಕಾಯುವವರು ಯಾರು? ಆ ತೆರೆದ ಬಾಗಿಲಿನಿಂದ ವಿಬ್ರಿಯೊ ಬರುತ್ತದೆ, ಬಿಳಿಚುಕ್ಕೆ ಬರುತ್ತದೆ.

ಹಾಗೆಂದು ವಂಶವಾಹಿಯ ಏರಿಳಿತವನ್ನು ಜ್ವರದ ಕಡ್ಡಿಯಂತೆ ಓದಲಾಗದು. ಉಪ್ಪಿನ ಅಂಶ ಬದಲಾದರೂ, ಆಮ್ಲಜನಕ ಕಡಿಮೆಯಾದರೂ, ಪೊರೆ ಕಳಚುವ ಹೊತ್ತು ಬಂದರೂ ಇದೇ ವಂಶವಾಹಿಗಳು ಅಲುಗುತ್ತವೆ. ಒಂದು ವಂಶವಾಹಿ ಏರಿತೆಂದರೆ ಪ್ರಾಣಿ ಬಲವಾಯಿತೆಂದಲ್ಲ, ಅದು ಕೂಗಿಕೊಳ್ಳುತ್ತಿದೆ ಎಂದೂ ಆಗಬಹುದು. ತೊಟ್ಟಿಯಲ್ಲಿ ಒಂದೇ ಲೋಹ ಇರುತ್ತದೆ. ಅಳಿವೆಯಲ್ಲಿ ಹತ್ತೆಂಟು ಸೇರಿರುತ್ತವೆ. 2019ರಲ್ಲಿ ವನ್ನಾಮಿ ಸಿಗಡಿಯ ಇಡೀ ಜೀನೋಮು ಪ್ರಕಟವಾಗಿ 25 ಸಾವಿರಕ್ಕೂ ಹೆಚ್ಚು ವಂಶವಾಹಿಗಳ ಪಟ್ಟಿ ಕೈಗೆ ಬಂದ ಮೇಲೆ ಓದುವುದಕ್ಕೆ ಅಕ್ಷರಗಳೇನೋ ಸಿಕ್ಕಿವೆ. ಅರ್ಥ ಮಾಡಿಕೊಳ್ಳಲು ಆ ನೀರನ್ನು, ಆ ಋತುವನ್ನು, ಆ ಪ್ರಾಣಿಯನ್ನು ಬಲ್ಲವರು ಬೇಕೇ ಬೇಕು.

ಇಷ್ಟಾದರೂ ಈ ಚರಿತ್ರೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತದೆ. ಒಂದು ಹೊಂಡದ ಸಿಗಡಿಗಳು ವೈರಸ್ಸಿನಿಂದ ಸತ್ತರೆ ನಾವು ವೈರಸ್ಸಿನ ಹೆಸರು ಬರೆದುಕೊಂಡು ಕಡತ ಮುಚ್ಚುತ್ತೇವೆ. ಅದಕ್ಕೂ ವಾರಗಳ ಮೊದಲು ಮೇಲಿನ ಹೊಳೆಯಿಂದ ಬಂದ ಲೋಹ ಅವುಗಳ ಕಾವಲನ್ನು ಕಳಚಿತ್ತೇ ಎಂಬ ಪ್ರಶ್ನೆ ಆ ಕಡತದಲ್ಲಿ ಬರುವುದಿಲ್ಲ. ಅರ್ಧ ಸತ್ತರೆ ಮಾತ್ರ ಲೆಕ್ಕಕ್ಕೆ ಹಿಡಿಯುವ ಅಳತೆಗೋಲಿಗೆ ಅದು ಕಾಣುವುದೂ ಇಲ್ಲ. ಬೀಜಕ್ಕೆ, ಆಹಾರಕ್ಕೆ ಸಾಲ ತಂದ ರೈತ ತನ್ನ ಹಣೆಬರಹವನ್ನು ಬೈದುಕೊಳ್ಳುತ್ತಾನೆ. ಲೋಹ ಬಿಟ್ಟವರು ಸಾಯುವ ಪ್ರಮಾಣಕ್ಕಿಂತ ಕೆಳಗಿದ್ದೇವೆ ಎಂದು ಕಾಗದ ತೋರಿಸುತ್ತಾರೆ. ಮಿನಮಾಟಾದಲ್ಲಿ ವರದಿಗೂ ಒಪ್ಪಿಗೆಗೂ ನಡುವೆ ಹನ್ನೆರಡು ವರ್ಷ ಕಳೆದದ್ದು ಸಾಕ್ಷಿ ಇಲ್ಲವೆಂದಲ್ಲ. ಬೆಕ್ಕಿನ ಸಾಕ್ಷಿಯನ್ನು ಸಾಕ್ಷಿಯೆಂದು ಎಣಿಸದೇ ಹೋದದ್ದರಿಂದ.

ಸಿಗಡಿಗೆ ಮಾತಿಲ್ಲ, ಪ್ರತಿಕಾಯವೂ ಇಲ್ಲ. ಅದರ ಬಳಿ ಇರುವುದು ನೀಲಿ ರಕ್ತ, ಕೆಲವು ಬಗೆಯ ಕಣಗಳು, ಗಾಯ ಮುಚ್ಚುವ ಒಂದಿಷ್ಟು ಕಪ್ಪು. ಮುಂದಿನ ಸಲ ಮೀನುಪೇಟೆಯಲ್ಲಿ ಬುಟ್ಟಿಯ ಮುಂದೆ ನಿಂತು ತಲೆ ಕಪ್ಪಾಗಿದೆಯೇ ಎಂದು ನೋಡುವಾಗ, ನಾವು ಕಾಣುತ್ತಿರುವುದು ಆ ಕಪ್ಪು ಗೋಡೆಯನ್ನೇ. ಆ ಗೋಡೆ ಕಟ್ಟಲಾಗದೆ ಹೊಂಡದಲ್ಲೇ ಸತ್ತ ಸಿಗಡಿಗಳು ಪೇಟೆಗೆ ಬರುವುದಿಲ್ಲ.